ಆರು ಹಳದಿ ಗುಳಿಗಳು ಮತ್ತು ಆಮೇಲಿನ ಕೆಲಸ

(ವೈದ್ಯಕೀಯ ವಿದ್ಯಾರ್ಥಿಗಳೂ ಸಾರ್ವಜನಿಕರೂ ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಗೆಳೆಯರೇ,

ಡಾ. ಸುನೀತಿ ಸಾಲೋಮನ್ ಯಾರು ಎಂದು ಕೇಳಿದರೆ, ಗೊತ್ತಿರುವವರು ಒಂದೇ ಸಾಲಿನಲ್ಲಿ ಉತ್ತರಿಸುತ್ತಾರೆ: ಭಾರತದಲ್ಲಿ ಎಚ್‌ಐವಿ ಸೋಂಕನ್ನು ಮೊದಲು ಪತ್ತೆ ಹಚ್ಚಿದವರು. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಆ ಪತ್ತೆಗೆ ಹಿಡಿದದ್ದು ಕೆಲವೇ ತಿಂಗಳು, ಅದು ಮುಗಿದದ್ದು 1986ರಲ್ಲಿ. ಸುನೀತಿ ಅವರು ತೀರಿಕೊಂಡದ್ದು 2015ರ ಜುಲೈನಲ್ಲಿ. ನಡುವಿನ ಇಪ್ಪತ್ತೊಂಬತ್ತು ವರ್ಷ ಅವರು ಮಾಡಿದ್ದೇನು ಎಂಬುದು ಆ ಒಂದು ಸಾಲಿನ ಕೆಳಗೆ ಮುಚ್ಚಿಹೋಗಿದೆ. ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತಾ ಬಂದ ನನಗೆ, ಪತ್ತೆಗಿಂತ ಪತ್ತೆಯ ನಂತರದ ಕೆಲಸವೇ ದೊಡ್ಡದು ಎಂದು ವರ್ಷ ಕಳೆದಂತೆ ಅನ್ನಿಸತೊಡಗಿದೆ. ಇಂದು ಮುಖ್ಯವಾಗಿ ಅದನ್ನು ಹೇಳಬೇಕು. ಆದರೂ ಪತ್ತೆಯ ಕಥೆಯನ್ನು ಬಿಡುವಂತಿಲ್ಲ. ಒಂದು, ಅದು ಒಳ್ಳೆಯ ಕಥೆ. ಎರಡು, ಅದರಲ್ಲಿ ನಮಗೆ ಕಸಿವಿಸಿಯಾಗಬೇಕಾದ ಸಂಗತಿಯೊಂದಿದೆ.

ಚೆನ್ನೈನಲ್ಲಿ ನೆಲೆಸಿದ್ದ ಮರಾಠಿ ಕುಟುಂಬ ಅವರದು. ಮನೆತನದ ಕಸುಬು ಚರ್ಮದ ವ್ಯಾಪಾರ, ತವರಿನ ಹೆಸರು ಗಾಯ್ತೊಂಡೆ. ವರ್ಷಕ್ಕೊಮ್ಮೆ ಲಸಿಕೆ ಹಾಕಲು ಮನೆಗೆ ಬರುತ್ತಿದ್ದ ಆರೋಗ್ಯಾಧಿಕಾರಿಯಿಂದಾಗಿ ವೈದ್ಯಕೀಯದ ಕಡೆ ಮನಸ್ಸು ಹರಿಯಿತು ಎಂದು ಮುಂದೆ ಸಂದರ್ಶನವೊಂದರಲ್ಲಿ ಹೇಳಿಕೊಂಡಿದ್ದರು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದರು. ಹೃದಯ ಶಸ್ತ್ರವೈದ್ಯ ವಿಕ್ಟರ್ ಸಾಲೋಮನ್ ಅವರನ್ನು ಮದುವೆಯಾದರು. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ರೋಗಶಾಸ್ತ್ರದ ತರಬೇತಿ ಪಡೆದು 1973ರಲ್ಲಿ ಗಂಡ ಹೆಂಡತಿ ಇಬ್ಬರೂ ಚೆನ್ನೈಗೆ ಮರಳಿದರು. ಓದಿದ ಕಾಲೇಜಿನಲ್ಲೇ ಸುನೀತಿ ಅವರು ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕಿಯಾದರು, ಮುಂದೆ ಪ್ರಾಧ್ಯಾಪಕಿಯೂ ಆದರು. ಇಲ್ಲಿಯವರೆಗೆ ಇದು ಆ ಕಾಲದ ಅನೇಕ ಒಳ್ಳೆಯ ವೈದ್ಯರ ಜೀವನದಂತೆಯೇ ಇದೆ.

ಇನ್ನು ರೋಗದ ಕಡೆಗೆ. 1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ, ಲಾಸ್ ಏಂಜಲೀಸಿನ ಐವರು ಯುವಕರಿಗೆ ಬಂದ ವಿಚಿತ್ರ ನ್ಯುಮೋನಿಯಾದ ವರದಿ ಅಚ್ಚಾಯಿತು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾಸ್ ಬಾರೆ-ಸಿನೂಸಿ, ಲುಕ್ ಮಾಂತಾನ್ಯೇ ಮತ್ತು ಅವರ ಸಂಗಡಿಗರು ವೈರಸ್ಸನ್ನು ಬೇರ್ಪಡಿಸಿದರು. 1985ರ ಹೊತ್ತಿಗೆ ರಕ್ತಪರೀಕ್ಷೆಯ ಕಿಟ್ ಬಂತು. ಭಾರತದಲ್ಲಿ ಆಗ ಇದು ಪಡುವಣದವರ ರೋಗ, ನಮ್ಮ ಸಂಸ್ಕೃತಿಯೇ ನಮಗೆ ರಕ್ಷೆ ಎಂಬ ಮಾತು ಜೋರಾಗಿತ್ತು. ಪುಣೆಯಲ್ಲಿ ಪರೀಕ್ಷಿಸಿದ ನೂರಾರು ಮಾದರಿಗಳಲ್ಲಿ ಒಂದರಲ್ಲೂ ಸೋಂಕು ಕಾಣದೆ ಆ ಮಾತಿಗೆ ಇನ್ನಷ್ಟು ಬಲ ಬಂದಿತ್ತು.

ಇಂಥ ಹೊತ್ತಿನಲ್ಲಿ ಸುನೀತಿ ಅವರು ತಮ್ಮ ಸ್ನಾತಕೋತ್ತರ ವಿದ್ಯಾರ್ಥಿನಿಗೆ ಪ್ರಬಂಧದ ವಿಷಯವಾಗಿ, ಇಲ್ಲಿಯೂ ಈ ಸೋಂಕು ಇದೆಯೇ ಎಂದು ಹುಡುಕುವುದನ್ನೇ ಸೂಚಿಸಿದರು. ವಿದ್ಯಾರ್ಥಿನಿಯ ಹೆಸರು ಸೆಲ್ಲಪ್ಪನ್ ನಿರ್ಮಲಾ. ವಯಸ್ಸು ಮೂವತ್ತೆರಡು, ಇಬ್ಬರು ಚಿಕ್ಕ ಮಕ್ಕಳ ತಾಯಿ, ಸಣ್ಣ ಊರಿನ ಸಂಪ್ರದಾಯಸ್ಥ ಮನೆತನದಿಂದ ಬಂದವರು. ಮೊದಲು ಹಿಂಜರಿದರು. ಪತಿ ವೀರಪ್ಪನ್ ರಾಮಮೂರ್ತಿ ಅವರೇ ಒತ್ತಾಯಿಸಿ ಒಪ್ಪಿಸಿದರು. ಸೋಂಕಿನ ಅಪಾಯ ಹೆಚ್ಚಿದ್ದವರಿಂದ ಇನ್ನೂರು ರಕ್ತದ ಮಾದರಿ ಸಂಗ್ರಹಿಸುವುದು ಗುರಿ. ಮುಂಬೈಯಂತೆ ಚೆನ್ನೈನಲ್ಲಿ ಲೈಂಗಿಕ ಕಾರ್ಯಕರ್ತೆಯರು ಒಂದೇ ಬೀದಿಯಲ್ಲಿ ಸಿಗುತ್ತಿರಲಿಲ್ಲ. ಆಸ್ಪತ್ರೆಗೆ ಗುಹ್ಯರೋಗದ ಚಿಕಿತ್ಸೆಗೆಂದು ಬರುತ್ತಿದ್ದ ಹೆಂಗಸರ ಪರಿಚಯ ಮಾಡಿಕೊಂಡು, ಅವರಿಂದ ಉಳಿದವರ ಸುಳಿವು ಹಿಡಿದು ನಿರ್ಮಲಾ ಹೊರಟರು. ಹುಡುಕುತ್ತಿದ್ದವರಲ್ಲಿ ಅನೇಕರು, ಪೊಲೀಸರು ಹಿಡಿದು ತಂದು ಇರಿಸುತ್ತಿದ್ದ ಸರ್ಕಾರಿ ರಕ್ಷಣಾಗೃಹದಲ್ಲಿದ್ದರು. ಪತಿ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದರು. ಮೂರು ತಿಂಗಳಲ್ಲಿ ಎಂಬತ್ತಕ್ಕೂ ಹೆಚ್ಚು ಮಾದರಿಗಳು ಕೂಡಿದವು. ಕೈಗವಸು ಇರಲಿಲ್ಲ. ರಕ್ತದಿಂದ ಸೀರಂ, ಅಂದರೆ ಅದರ ತಿಳಿ ದ್ರವ ಭಾಗವನ್ನು ಬೇರ್ಪಡಿಸಲು ಸುನೀತಿ ಅವರು ಪುಟ್ಟದೊಂದು ಪ್ರಯೋಗಾಲಯವನ್ನು ಹೇಗೋ ಹೊಂದಿಸಿದರು. ಸೀರಂ ಇಡಲು ಬೇರೆ ಜಾಗವಿಲ್ಲದೆ ನಿರ್ಮಲಾ ತಮ್ಮ ಮನೆಯ ಫ್ರಿಜ್ಜಿನಲ್ಲಿ ಇಟ್ಟರು. ಜೈವಿಕ ಸುರಕ್ಷತೆಯ ಪಾಠ ಮಾಡುವಾಗ ಈ ಭಾಗವನ್ನು ನಾನು ಮೆಲುದನಿಯಲ್ಲಿ ಹೇಳುತ್ತೇನೆ.

ಚೆನ್ನೈನಲ್ಲಿ ಎಲೈಸಾ ಎಂಬ ಆ ರಕ್ತಪರೀಕ್ಷೆಗೆ ಸೌಲಭ್ಯವಿರಲಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿತ್ತು. ಅಲ್ಲಿನ ವೈರಾಣುಶಾಸ್ತ್ರ ವಿಭಾಗದ ಮುಖ್ಯಸ್ಥರು ಟಿ. ಜೇಕಬ್ ಜಾನ್. 1986ರ ಫೆಬ್ರವರಿಯಲ್ಲಿ ನಿರ್ಮಲಾ ಮತ್ತು ಅವರ ಪತಿ ಐಸ್ ಪೆಟ್ಟಿಗೆಯೊಂದಿಗೆ ರಾತ್ರಿ ರೈಲು ಹಿಡಿದು ಕಾಟ್ಪಾಡಿಯಲ್ಲಿ ಇಳಿದು, ಆಟೋದಲ್ಲಿ ಕಾಲೇಜು ತಲುಪಿದರು. ಬೆಳಿಗ್ಗೆ ಪರೀಕ್ಷೆ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಕರೆಂಟು ಹೋಯಿತು. ಎಲ್ಲರೂ ಚಹಾಕ್ಕೆಂದು ಎದ್ದರು. ಮರಳಿದಾಗ ಅಲ್ಲಿನ ಡಾ. ಜಾರ್ಜ್ ಬಾಬು ತಟ್ಟೆಯ ಮುಚ್ಚಳ ತೆರೆದು, ತಕ್ಷಣ ಮುಚ್ಚಿದರಂತೆ. ಅಷ್ಟರಲ್ಲಿ ನಿರ್ಮಲಾ ನೋಡಿಯಾಗಿತ್ತು. ಆರು ಗುಳಿಗಳು ಹಳದಿಯಾಗಿದ್ದವು.

ಹಳದಿ ಎಂದರೆ ಏನು ಎಂಬುದನ್ನು ವೈದ್ಯರಲ್ಲದವರಿಗಾಗಿ ಹೇಳಬೇಕು. ಎಲೈಸಾ ತಟ್ಟೆ ಅಂಗೈಯಗಲದ ಪ್ಲಾಸ್ಟಿಕ್ಕಿನದು. ಅದರಲ್ಲಿ ಸಾಲಾಗಿ 96 ಪುಟ್ಟ ಗುಳಿಗಳು. ಪ್ರತಿ ಗುಳಿಯ ತಳಕ್ಕೂ ವೈರಸ್ಸಿನ ಪ್ರೋಟೀನನ್ನು ಮೊದಲೇ ಅಂಟಿಸಿರುತ್ತಾರೆ. ರೋಗಿಯ ಸೀರಂ ಒಂದೆರಡು ಹನಿ ಹಾಕಿದರೆ, ಅದರಲ್ಲಿ ಈ ವೈರಸ್ಸಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳಿದ್ದಲ್ಲಿ ತಳಕ್ಕೆ ಕಚ್ಚಿಕೊಳ್ಳುತ್ತವೆ, ಇಲ್ಲದಿದ್ದರೆ ತೊಳೆದಾಗ ಎಲ್ಲವೂ ಹರಿದುಹೋಗುತ್ತದೆ. ಆಮೇಲೆ, ಮನುಷ್ಯನ ಪ್ರತಿಕಾಯವನ್ನೇ ಹುಡುಕಿ ಹಿಡಿಯುವ ಇನ್ನೊಂದು ಪ್ರತಿಕಾಯವನ್ನು ಹಾಕುತ್ತಾರೆ. ಅದರ ಬೆನ್ನಿಗೆ ಒಂದು ಕಿಣ್ವ ಕಟ್ಟಿರುತ್ತದೆ. ಮತ್ತೆ ತೊಳೆದು, ಕೊನೆಗೆ ಬಣ್ಣವಿಲ್ಲದ ದ್ರಾವಣ ಸುರಿದರೆ, ಕಿಣ್ವ ಉಳಿದುಕೊಂಡಿರುವ ಗುಳಿಯಲ್ಲಿ ಮಾತ್ರ ಬಣ್ಣ ಮೂಡುತ್ತದೆ. ಅಂದರೆ ಈ ಪರೀಕ್ಷೆ ವೈರಸ್ಸನ್ನು ನೋಡುವುದಿಲ್ಲ, ವೈರಸ್ಸಿಗೆ ದೇಹ ಕೊಟ್ಟ ಪ್ರತಿಕ್ರಿಯೆಯನ್ನು ನೋಡುತ್ತದೆ. ಸೋಂಕು ತಗುಲಿದ ಮೊದಲ ಕೆಲವು ವಾರ ಪ್ರತಿಕಾಯ ಇನ್ನೂ ಹುಟ್ಟಿರದ ಕಾರಣ ಸೋಂಕಿತರ ಗುಳಿಯೂ ಬಣ್ಣವಿಲ್ಲದೆ ಉಳಿಯಬಹುದು. ಬೇರೆ ಕಾರಣಗಳಿಂದ ಸೋಂಕಿಲ್ಲದವರ ಗುಳಿಯೂ ಹಳದಿಯಾಗಬಹುದು.

ಈ ಎರಡನೆಯ ತೊಂದರೆಯನ್ನು ಸ್ವಲ್ಪ ಲೆಕ್ಕ ಮಾಡಿ ನೋಡೋಣ, ಏಕೆಂದರೆ ಇದನ್ನು ಅರ್ಥ ಮಾಡಿಕೊಳ್ಳದೆ ಪದವಿ ಪಡೆದ ವೈದ್ಯರನ್ನು ನಾನು ನೋಡಿದ್ದೇನೆ. ಒಂದು ಪರೀಕ್ಷೆ ಸಾವಿರ ಆರೋಗ್ಯವಂತರಲ್ಲಿ ಐವರನ್ನು ಮಾತ್ರ ತಪ್ಪಾಗಿ ಸೋಂಕಿತರೆಂದು ತೋರಿಸುತ್ತದೆ ಎಂದು ಹಿಡಿಯೋಣ. ಕೇಳಲು ಒಳ್ಳೆಯ ಪರೀಕ್ಷೆಯೇ. ಆದರೆ ಲಕ್ಷ ಜನರಲ್ಲಿ ಹತ್ತು ಮಂದಿಗೆ ಮಾತ್ರ ಸೋಂಕಿರುವ ಊರಿನಲ್ಲಿ ಎಲ್ಲರಿಗೂ ಇದನ್ನು ಮಾಡಿದರೆ ನಿಜವಾದ ಹತ್ತು ಪಾಸಿಟಿವ್ ಜೊತೆಗೆ ಸುಮಾರು ಐನೂರು ಸುಳ್ಳು ಪಾಸಿಟಿವ್ ಬರುತ್ತವೆ. ಪಾಸಿಟಿವ್ ಎಂದು ಚೀಟಿ ಹಿಡಿದು ಹೊರಬಂದ ಐನೂರ ಹತ್ತು ಮಂದಿಯಲ್ಲಿ ಐನೂರು ಮಂದಿಗೆ ರೋಗವೇ ಇಲ್ಲ. ಈಗ ವೆಲ್ಲೂರಿನ ತಟ್ಟೆಗೆ ಬನ್ನಿ. ಎಂಬತ್ತು ಚಿಲ್ಲರೆ ಮಾದರಿಯಲ್ಲಿ ಇದೇ ಲೆಕ್ಕದಂತೆ ಅರ್ಧ ಸುಳ್ಳು ಪಾಸಿಟಿವ್ ಕೂಡ ನಿರೀಕ್ಷಿಸುವಂತಿರಲಿಲ್ಲ, ಬಂದದ್ದು ಆರು. ಆಕಸ್ಮಿಕ ಎನ್ನಲು ಬಾರದು. ಹಾಗಿದ್ದರೂ ಒಂದು ದೇಶಕ್ಕೆ ರೋಗ ಬಂದಿದೆ ಎಂದು ಒಂದೇ ಪರೀಕ್ಷೆಯ ಮೇಲೆ ಸಾರುವುದಕ್ಕೆ ಅವರು ಒಪ್ಪಲಿಲ್ಲ. ವಿಷಯವನ್ನು ಗುಟ್ಟಾಗಿಟ್ಟು, ಸುನೀತಿ ಅವರೂ ಜೊತೆಗೂಡಿ ಮತ್ತೆ ರಕ್ಷಣಾಗೃಹಕ್ಕೆ ಹೋಗಿ, ಅದೇ ಆರು ಮಂದಿಯ ರಕ್ತವನ್ನು ಹೊಸದಾಗಿ ತೆಗೆದರು. ವೆಲ್ಲೂರಿನ ಡಾ. ಎರಿಕ್ ಸಿಮೋಸ್ ಅದನ್ನು ಅಮೆರಿಕಕ್ಕೆ ಒಯ್ದರು. ಅಲ್ಲಿ ವೆಸ್ಟರ್ನ್ ಬ್ಲಾಟ್ ಪರೀಕ್ಷೆ ನಡೆಯಿತು. ಇದರಲ್ಲಿ ವೈರಸ್ಸಿನ ಪ್ರೋಟೀನುಗಳನ್ನು ತೂಕದ ಪ್ರಕಾರ ಪಟ್ಟಿಯ ಮೇಲೆ ಬಿಡಿಬಿಡಿಯಾಗಿ ಹರಡಿ, ರೋಗಿಯ ಪ್ರತಿಕಾಯ ಯಾವ ಯಾವುದಕ್ಕೆ ಅಂಟುತ್ತದೆ ಎಂದು ನೋಡುತ್ತಾರೆ. ಸಂಶಯಕ್ಕೆ ಎಡೆಯಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ವರದಿ ಹೋಯಿತು, ಅಲ್ಲಿಂದ ಪ್ರಧಾನಿ ರಾಜೀವ್ ಗಾಂಧಿಯವರಿಗೆ. ಮೇ ತಿಂಗಳಲ್ಲಿ ತಮಿಳುನಾಡಿನ ಆರೋಗ್ಯ ಸಚಿವರು ವಿಧಾನಸಭೆಯಲ್ಲಿ ಪ್ರಕಟಿಸುವಾಗ ಗುರುವೂ ಶಿಷ್ಯೆಯೂ ಪ್ರೇಕ್ಷಕರ ಗ್ಯಾಲರಿಯಲ್ಲಿ ಕುಳಿತಿದ್ದರು.

ಕಸಿವಿಸಿಯ ಸಂಗತಿ ಎಂದೆನಲ್ಲ, ಅದು ಇದು. ರಕ್ತ ಕೊಟ್ಟ ಆ ಹೆಂಗಸರಿಗೆ ಯಾವ ಪರೀಕ್ಷೆಗೆ ಎಂದು ಹೇಳಿರಲಿಲ್ಲ. ನಿರ್ಮಲಾ ಅವರೇ ಇದನ್ನು ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಗುಹ್ಯರೋಗದ ಪರೀಕ್ಷೆಗೆ ಎಂದು ಆ ಹೆಂಗಸರು ಭಾವಿಸಿದ್ದರು. ಅವರು ಬಂಧನದಲ್ಲಿದ್ದವರು, ಬೇಡ ಎನ್ನುವ ಸ್ವಾತಂತ್ರ್ಯ ಎಷ್ಟಿತ್ತು? ಆ ಕಾಲದಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು ಎಂಬುದು ನಿಜ, ಆದರೆ ಅದು ಸಮರ್ಥನೆಯಾಗಲಾರದು. ಇಂದು ಅದೇ ಪ್ರಬಂಧದ ಪ್ರಸ್ತಾವ ನೀತಿ ಸಮಿತಿಯ ಮುಂದೆ ಬಂದರೆ ಮೊದಲ ಪುಟದಲ್ಲೇ ತಿರಸ್ಕೃತವಾಗುತ್ತದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ವಿಷಯ ತಿಳಿಸಿ ಒಪ್ಪಿಗೆ ಪಡೆಯದೆ ಯಾರ ರಕ್ತವನ್ನೂ ಈ ಪರೀಕ್ಷೆಗೆ ಒಳಪಡಿಸುವಂತಿಲ್ಲ, ಫಲಿತಾಂಶವನ್ನು ಹೊರಗೆಡಹುವಂತಿಲ್ಲ. ಚರಿತ್ರೆಯಲ್ಲಿ ಗುರುವಿನ ಹೆಸರಿದೆ, ತಡವಾಗಿಯಾದರೂ ಶಿಷ್ಯೆಯ ಹೆಸರೂ ಸೇರಿದೆ. ಆ ಆರು ಮಂದಿ ಚರಿತ್ರೆಯಲ್ಲಿ ಬರಿಯ ಸಂಖ್ಯೆ. ಅವರ ಹೆಸರು ಹೊರಬರದಿರುವುದೇ ಸರಿ. ಆದರೆ ಅವರ ರಕ್ತದಿಂದ ದೇಶ ಎಚ್ಚೆತ್ತಿತು ಎಂಬುದನ್ನು ಪಠ್ಯಪುಸ್ತಕದಲ್ಲಿ ಒಂದು ಸಾಲಾದರೂ ಬರೆಯಬಹುದಿತ್ತು.

ಇನ್ನು ಆಮೇಲಿನ ಕೆಲಸ.

ಪತ್ತೆಯಾದ ಮೇಲೆ ಸುನೀತಿ ಅವರು ಒಂದೆರಡು ಒಳ್ಳೆಯ ಲೇಖನ ಬರೆದು, ಸಮ್ಮೇಳನಗಳಲ್ಲಿ ಮಾತನಾಡಿ, ಬೇರೆ ಜೀವಾಣುವಿನ ಕಡೆ ಹೊರಳಬಹುದಿತ್ತು. ಪ್ರಯೋಗಾಲಯದ ವೈದ್ಯರು ಸಾಮಾನ್ಯವಾಗಿ ಮಾಡುವುದು ಅದನ್ನೇ. ನಾವು ಸೀರಂ ನೋಡುತ್ತೇವೆ, ರೋಗಿಯನ್ನು ನೋಡುವವರು ಬೇರೆ. ಆದರೆ ಈ ರೋಗದಲ್ಲಿ ಆ ಬೇರೆಯವರೇ ಇರಲಿಲ್ಲ. ನನಗೆ ನೆನಪಿರುವ ಒಂದು ಆಸ್ಪತ್ರೆಯಲ್ಲಿ, ಹೆಸರು ಬೇಡ, ಸೋಂಕಿತರ ಹಾಸಿಗೆಯ ತಲೆಗಡೆ ಕೆಂಪು ಶಾಯಿಯಲ್ಲಿ ಬರೆದ ಚೀಟಿ ತೂಗುಹಾಕುತ್ತಿದ್ದರು. ಊಟದ ತಟ್ಟೆಯನ್ನು ಬಾಗಿಲಲ್ಲೇ ಇಟ್ಟು ಹೋಗುತ್ತಿದ್ದರು. ಹೆರಿಗೆ, ಶಸ್ತ್ರಚಿಕಿತ್ಸೆ ಎಂದರೆ ಎಲ್ಲರ ಕೈಯೂ ಹಿಂದೆ. ಇಂಥ ಕಾಲದಲ್ಲಿ ಪಾಸಿಟಿವ್ ಎಂಬ ವರದಿಯನ್ನು ಕೈಗಿತ್ತು ಕಳಿಸಿದರೆ ಆ ಮನುಷ್ಯ ಹೋಗುವುದೆಲ್ಲಿಗೆ? ಸುನೀತಿ ಅವರ ಪತಿಗೂ ಮೊದಲು ಈ ಕೆಲಸ ಒಪ್ಪಿಗೆಯಾಗಿರಲಿಲ್ಲವಂತೆ. ಒಮ್ಮೆ ಈ ರೋಗಿಗಳ ಕಥೆ ಕೇಳಿ, ಆಮೇಲೆ ನೀವು ಹೀಗೆ ಹೇಳುವುದಿಲ್ಲ ಎಂದು ಗಂಡನಿಗೆ ಹೇಳಿದ್ದಾಗಿ ಸುನೀತಿ ಅವರು ನೆನಪಿಸಿಕೊಂಡಿದ್ದಾರೆ.

ಕಾಲೇಜಿನೊಳಗೇ ಕೆಲವು ವರ್ಷ ಏಡ್ಸ್ ಮಾಹಿತಿ ಗುಂಪೊಂದನ್ನು ನಡೆಸಿ, 1993ರಲ್ಲಿ ಅವರು ಸರ್ಕಾರಿ ಹುದ್ದೆ ಬಿಟ್ಟರು. ತಂದೆಯ ಹೆಸರಿನಲ್ಲಿ ವೈ.ಆರ್. ಗಾಯ್ತೊಂಡೆ ಏಡ್ಸ್ ಸಂಶೋಧನೆ ಮತ್ತು ಶಿಕ್ಷಣ ಕೇಂದ್ರ ತೆರೆದರು. ವೈಆರ್‌ಜಿ ಕೇರ್ ಎಂದೇ ಅದು ಹೆಸರಾಯಿತು. ಪರೀಕ್ಷೆ, ಆಪ್ತಸಮಾಲೋಚನೆ, ಚಿಕಿತ್ಸೆ, ಸಂಶೋಧನೆ ಎಲ್ಲವೂ ಒಂದೇ ಸೂರಿನಡಿ. ನಿವೃತ್ತಿಗೆ ಹತ್ತಿರದ ವಯಸ್ಸಿನಲ್ಲಿ, ಪಿಂಚಣಿಯ ಭದ್ರತೆಯಿದ್ದ ಪ್ರಾಧ್ಯಾಪಕ ಹುದ್ದೆ ತೊರೆದು ಯಾರೂ ಮುಟ್ಟಲೊಲ್ಲದ ರೋಗಕ್ಕೆ ಚಿಕಿತ್ಸಾಲಯ ತೆರೆಯುವುದು ಎಂಥ ನಿರ್ಧಾರ ಎಂಬುದು ಸರ್ಕಾರಿ ನೌಕರರಿಗೆ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿ ನಡೆದ ಸಂಶೋಧನೆಯ ಬಗೆ ನೋಡಿ. ಪ್ರಶ್ನೆಗಳು ಹೊರದೇಶದ ಪತ್ರಿಕೆಗಳಿಂದ ಬರಲಿಲ್ಲ, ಬಾಗಿಲಲ್ಲಿ ಕುಳಿತಿದ್ದವರಿಂದ ಬಂದವು. ಮೊದಲ ಪ್ರಶ್ನೆ: ನಮ್ಮ ಜನರಲ್ಲಿ ಈ ರೋಗ ಹೇಗೆ ಸಾಗುತ್ತದೆ? ಪಾಶ್ಚಾತ್ಯ ಪಠ್ಯಗಳಲ್ಲಿ ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರದಿಂದ ಬರುವ ನ್ಯುಮೋನಿಯಾಕ್ಕೆ ಮೊದಲ ಸ್ಥಾನ. ವೈದ್ಯ ಎನ್. ಕುಮಾರಸಾಮಿ, ಸುನೀತಿ ಮತ್ತು ಸಂಗಡಿಗರು ಸುಮಾರು 600 ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಿತ್ರ ಬೇರೆಯೇ ಇತ್ತು. ಏಡ್ಸ್ ಹಂತದ ರೋಗಗಳಲ್ಲಿ ಶ್ವಾಸಕೋಶದ ಕ್ಷಯವೇ ಎಲ್ಲಕ್ಕಿಂತ ಮುಂದೆ, ಹೆಚ್ಚುಕಡಿಮೆ ಅರ್ಧದಷ್ಟು. ನ್ಯುಮೋಸಿಸ್ಟಿಸ್ ಬಹಳ ಹಿಂದೆ. ಕಾರಣ ಸರಳ. ನಮ್ಮಲ್ಲಿ ಬಹಳ ಮಂದಿಯ ಶ್ವಾಸಕೋಶದಲ್ಲಿ ಕ್ಷಯದ ಬ್ಯಾಸಿಲಸ್ ಮೊದಲೇ ಮಲಗಿರುತ್ತದೆ. ಅದನ್ನು ಕಾವಲು ಕಾಯುವವು ಸಿಡಿ4 ಎಂಬ ಬಿಳಿ ರಕ್ತಕೋಶಗಳು. ವೈರಸ್ ಅವನ್ನೇ ಕೊಂದರೆ ಬ್ಯಾಸಿಲಸ್ ಎದ್ದು ಕೂರುತ್ತದೆ.

ಇದು ಬರಿಯ ಪಟ್ಟಿಯ ವ್ಯತ್ಯಾಸವಾಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಚಿಕಿತ್ಸೆಯೇ ಅದರಿಂದ ಬದಲಾಗುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಕೆರಳಿಸುತ್ತದೆ, ಅವು ನೆವಿರಪಿನ್ ಎಂಬ ಎಚ್‌ಐವಿ ಔಷಧಿಯನ್ನು ಬೇಗ ಬೇಗ ಒಡೆದು ಹಾಕುತ್ತವೆ. ಆಗ ರಕ್ತದಲ್ಲಿ ಔಷಧಿಯ ಮಟ್ಟ ಇಳಿಯುತ್ತದೆ, ವೈರಸ್ಸಿಗೆ ಪ್ರತಿರೋಧ ಬೆಳೆಸಿಕೊಳ್ಳಲು ದಾರಿಯಾಗುತ್ತದೆ. ಹಾಗಾಗಿ ಕ್ಷಯವೂ ಇರುವವರಿಗೆ ಅದರ ಬದಲು ಎಫಾವಿರೆಂಜ್ ಎಂಬ ಇನ್ನೊಂದು ಔಷಧಿ ಕೊಡಬೇಕಾಯಿತು. ಇನ್ನೊಂದು ಇಕ್ಕಟ್ಟು: ಎಚ್‌ಐವಿ ಔಷಧಿ ಶುರು ಮಾಡಿದ ಕೆಲವೇ ವಾರಗಳಲ್ಲಿ ಕೆಲವರ ಕ್ಷಯ ಇದ್ದಕ್ಕಿದ್ದಂತೆ ಉಲ್ಬಣಿಸುತ್ತದೆ. ಔಷಧಿ ಕೆಟ್ಟದ್ದು ಎಂದು ಮನೆಯವರು ಬಿಡಿಸುತ್ತಾರೆ. ನಿಜದಲ್ಲಿ ಆಗಿರುವುದು, ಚೇತರಿಸಿಕೊಂಡ ರೋಗನಿರೋಧಕ ಶಕ್ತಿ ಅಷ್ಟು ದಿನ ಸುಮ್ಮನಿದ್ದ ಬ್ಯಾಸಿಲಸ್ ಮೇಲೆ ಒಮ್ಮೆಗೇ ಎರಗಿರುವುದು. ಇದನ್ನು ಮೊದಲೇ ತಿಳಿಸಿ ಹೇಳಿ ರೋಗಿಯನ್ನು ಉಳಿಸಿಕೊಳ್ಳುವುದು ಆಪ್ತಸಮಾಲೋಚಕರ ಕೆಲಸ. ಎಚ್‌ಐವಿ ಚಿಕಿತ್ಸೆಯಲ್ಲಿ ಅವರ ಪಾಲು ವೈದ್ಯರದಕ್ಕಿಂತ ಕಡಿಮೆಯೇನಲ್ಲ, ಸಂಬಳ ಮಾತ್ರ ಬಹಳ ಕಡಿಮೆ.

ಎರಡನೆಯ ಪ್ರಶ್ನೆ ಇನ್ನೂ ಕಟುವಾದದ್ದು. ಈ ಚಿಕಿತ್ಸಾಲಯಕ್ಕೆ ಬರುತ್ತಿರುವ ಹೆಂಗಸರು ಯಾರು? 134 ಸೋಂಕಿತ ಮಹಿಳೆಯರ ವಿವರಗಳನ್ನು ವಿಶ್ಲೇಷಿಸಿದ ಅವರ ತಂಡದ ಅಧ್ಯಯನ 2000ನೇ ಇಸವಿಯಲ್ಲಿ ಪ್ರಕಟವಾಯಿತು. ಶೇ. 81ರಷ್ಟು ಮಂದಿ ಗೃಹಿಣಿಯರು. ಶೇ. 88ರಷ್ಟು ಮಂದಿ ಜೀವನದಲ್ಲಿ ಒಬ್ಬನೇ ಸಂಗಾತಿಯನ್ನು ಕಂಡವರು. ಒಂದು ಕ್ಷಣ ಈ ಅಂಕಿಗಳ ಅರ್ಥ ಯೋಚಿಸಿ. ಅಷ್ಟೂ ವರ್ಷ ಸರ್ಕಾರದ ಗೋಡೆಬರಹಗಳು ಹೇಳುತ್ತಿದ್ದುದು ಸಂಗಾತಿಗೆ ನಿಷ್ಠರಾಗಿರಿ ಎಂದು. ಇವರು ನಿಷ್ಠರಾಗಿಯೇ ಇದ್ದರು, ಸೋಂಕು ಮದುವೆಯ ಮೂಲಕವೇ ಬಂದಿತ್ತು. ಗಂಡನಿಗೆ ಕಾಂಡೋಮ್ ಬಳಸು ಎನ್ನುವ ಧೈರ್ಯ ಎಷ್ಟು ಮಂದಿಗಿತ್ತು? ಗಂಡ ಸತ್ತ ಮೇಲೆ ನಿನ್ನಿಂದಲೇ ಬಂತು ಎಂಬ ಮಾತು ಬೇರೆ. ಹೆಚ್ಚು ಅಪಾಯದಲ್ಲಿರುವವರು ಎಂದು ಪಟ್ಟಿ ಮಾಡಿ ಅವರನ್ನು ಮಾತ್ರ ಪರೀಕ್ಷಿಸುತ್ತಿದ್ದ ಪದ್ಧತಿಗೆ ಇಂಥ ಅಧ್ಯಯನಗಳು ಕೊಟ್ಟ ಪೆಟ್ಟು ಸಣ್ಣದಲ್ಲ. ಇಡೀ ವೃತ್ತಿಜೀವನದಲ್ಲಿ ಅವರ ಅತ್ಯಂತ ಮುಖ್ಯ ಪ್ರಬಂಧ ಯಾವುದು ಎಂದರೆ, ನಾನು 1986ರದನ್ನು ಬಿಟ್ಟು ಇದನ್ನು ಹೆಸರಿಸುತ್ತೇನೆ. ಒಪ್ಪದವರು ಇದ್ದಾರು.

ಮದುವೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಸೋಂಕಿತ ತರುಣ ತರುಣಿಯರಿಗೆ ಸೋಂಕಿತರಲ್ಲೇ ಜೋಡಿ ಹುಡುಕಿಕೊಡುವ ಕೆಲಸವನ್ನೂ ಅವರು ಮಾಡುತ್ತಿದ್ದರು. ಸಂಶೋಧಕಿಗೆ ಇದೆಲ್ಲ ಯಾಕೆ ಎಂದು ಮೂಗು ಮುರಿದವರೂ ಇದ್ದಿರಬಹುದು. ಆದರೆ ಮನೆಯವರ ಒತ್ತಾಯಕ್ಕೆ ಮಣಿದು, ಸೋಂಕನ್ನು ಮುಚ್ಚಿಟ್ಟು ಮದುವೆಯಾಗುವುದಕ್ಕಿಂತ ಇದು ಲೇಸು ಎಂಬುದು ಯಾರಿಗಾದರೂ ಹೊಳೆಯುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ. 15ರಿಂದ 45. ಸರಿಯಾಗಿ ಔಷಧಿ ಕೊಟ್ಟರೆ ಅದು ಶೇ. 5ಕ್ಕಿಂತ ಕೆಳಗೆ ಇಳಿಯುತ್ತದೆ. ಅವರು ಕೂಡಿಸಿದ ಮದುವೆಗಳ ಹಿಂದೆ ಈ ವಿಜ್ಞಾನವೂ ಇತ್ತು.

ಔಷಧಿಯ ಕಥೆ ದೊಡ್ಡದು, ಬೇಗ ಮುಗಿಸುತ್ತೇನೆ. 1996ರಲ್ಲಿ ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂದು ಪಾಶ್ಚಾತ್ಯ ದೇಶಗಳಲ್ಲಿ ಸಾವು ಕುಸಿಯಿತು. ವರ್ಷಕ್ಕೆ ಹತ್ತು ಸಾವಿರ ಡಾಲರ್ ಮೀರಿದ ಖರ್ಚು. 2001ರಲ್ಲಿ ಮುಂಬೈಯ ಸಿಪ್ಲಾ ಕಂಪನಿ ಅಂಥ ಮೂರು ಔಷಧಿಗಳನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದಿತು. ಭಾರತ ಸರ್ಕಾರ ಉಚಿತ ಎಆರ್‌ಟಿ, ಅಂದರೆ ಎಚ್‌ಐವಿ ಹತ್ತಿಕ್ಕುವ ಔಷಧಿಗಳ ಚಿಕಿತ್ಸೆ, ಆರಂಭಿಸಿದ್ದು 2004ರ ಏಪ್ರಿಲ್ 1ರಂದು, ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ. ಅಲ್ಲಿಯವರೆಗೆ ರೋಗಿಗಳೇ ಕೈಯಿಂದ ಹಣ ಹಾಕಿ ಕೊಳ್ಳುತ್ತಿದ್ದರು. ಅಗ್ಗದ ಮಾತ್ರೆ ಇಲ್ಲಿನ ದೇಹಗಳಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬ ಎಚ್ಚರದ ದಾಖಲೆಯೂ ಚೆನ್ನೈನಿಂದಲೇ ಬಂತು. ಔಷಧಿ ಬದಲಿಸಬೇಕಾಗಿ ಬಂದವರಲ್ಲಿ ಬಹುಪಾಲಿನವರಿಗೆ ಕಾರಣ ಅಡ್ಡಪರಿಣಾಮ, ನಂತರ ಹಣದ ತೊಂದರೆ. ಚಿಕಿತ್ಸೆ ಫಲಿಸದೆ ಬದಲಿಸಿದವರು ಅದಕ್ಕೂ ಕಡಿಮೆ. ಅಗ್ಗದ ಮಾತ್ರೆಯಲ್ಲಿದ್ದ ಸ್ಟಾವುಡಿನ್ ಕೆನ್ನೆಯ ಕೊಬ್ಬನ್ನು ಕರಗಿಸಿ ಮುಖವನ್ನೇ ಗುರುತು ಸಿಗದಂತೆ ಮಾಡುತ್ತಿತ್ತು. ರೋಗವನ್ನು ಅಡಗಿಸಿಡಬೇಕೆಂದು ನುಂಗಿದ ಮಾತ್ರೆಯೇ ರೋಗವನ್ನು ಮುಖದ ಮೇಲೆ ಬರೆಯುತ್ತಿತ್ತು. ಸಿಡಿ4 ಎಣಿಕೆ ದುಬಾರಿಯಾಗಿದ್ದಾಗ, ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಸಿಗುವ, ಲಿಂಫೋಸೈಟ್ ಎಂಬ ಬಿಳಿ ರಕ್ತಕೋಶಗಳ ಒಟ್ಟು ಎಣಿಕೆಯಿಂದಲೇ ಅಂದಾಜು ಮಾಡಬಹುದೇ ಎಂದೂ ಆ ತಂಡ ಪರಿಶೀಲಿಸಿತು. ಈಗ ಯಾರೂ ಅದನ್ನು ಬಳಸುವುದಿಲ್ಲ. ಆದರೆ ಆಗ ಅಂಥ ಪ್ರಶ್ನೆ ಕೇಳಲು ರೋಗಿಯ ಜೇಬು ಗೊತ್ತಿರಬೇಕಿತ್ತು.

ಇನ್ನು ಎಲ್ಲದರ ಫಲ ಎನ್ನಬಹುದಾದ ಅಧ್ಯಯನ. ಎಚ್‌ಪಿಟಿಎನ್ 052 ಎಂಬುದು ಅದರ ಒಣ ಹೆಸರು. ಮುಖ್ಯ ಸಂಶೋಧಕ ಅಮೆರಿಕದ ಮೈರನ್ ಕೋಹೆನ್. ಒಂಬತ್ತು ದೇಶಗಳ 13 ಕೇಂದ್ರಗಳಲ್ಲಿ ಚೆನ್ನೈನ ವೈಆರ್‌ಜಿ ಕೇರ್ ಕೂಡ ಒಂದು, ಪುಣೆಯೂ ಇತ್ತು. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ 1,763 ಜೋಡಿಗಳು. ಅರ್ಧ ಜೋಡಿಗಳಲ್ಲಿ ಸೋಂಕಿತರಿಗೆ ತಕ್ಷಣ ಔಷಧಿ, ಉಳಿದ ಅರ್ಧದಲ್ಲಿ ಆಗಿನ ನಿಯಮದಂತೆ ಸಿಡಿ4 ಎಣಿಕೆ ಇಳಿದ ಮೇಲೆ. 2011ರ ಮೇ ತಿಂಗಳಲ್ಲಿ ಮಧ್ಯಂತರ ಫಲಿತಾಂಶ ಹೊರಬಿತ್ತು. ಸಂಗಾತಿಯಿಂದಲೇ ಬಂದದ್ದು ಎಂದು ವೈರಸ್ಸಿನ ವಂಶವಾಹಿ ಹೋಲಿಸಿ ದೃಢಪಟ್ಟ 28 ಹೊಸ ಸೋಂಕುಗಳಲ್ಲಿ 27 ತಡವಾಗಿ ಔಷಧಿ ಪಡೆದ ಗುಂಪಿನಲ್ಲಿದ್ದವು. ಬೇಗ ಪಡೆದವರಲ್ಲಿ ಒಂದೇ ಒಂದು. ಶೇ. 96ರಷ್ಟು ಇಳಿಕೆ. ರೋಗಿಗೆ ಕೊಡುವ ಮಾತ್ರೆಯೇ ಅವರ ಸಂಗಾತಿಗೆ ರಕ್ಷೆ ಎಂಬುದು ಅಂದು ಸಾಬೀತಾಯಿತು. ಆ ವರ್ಷದ ಅತ್ಯಂತ ಮಹತ್ವದ ವೈಜ್ಞಾನಿಕ ಸಾಧನೆಯೆಂದು ಸೈನ್ಸ್ ಪತ್ರಿಕೆ ಅದನ್ನು ಆರಿಸಿತು.

ಚೆನ್ನೈಯಂಥ ಊರಿನಲ್ಲಿ ಇಂಥ ಜೋಡಿಗಳು ವರ್ಷಗಟ್ಟಲೆ ಅಧ್ಯಯನದಲ್ಲಿ ಉಳಿದದ್ದು ಹೇಗೆ? ಮತ್ತೆ ಮತ್ತೆ ಇಬ್ಬರೂ ಬರಬೇಕು, ಖಾಸಗಿ ಪ್ರಶ್ನೆಗಳಿಗೆ ಉತ್ತರಿಸಬೇಕು, ನೆರೆಹೊರೆಗೆ ತಿಳಿಯಬಾರದು. ಕೇಂದ್ರದ ಮೇಲಿನ ನಂಬಿಕೆಯಿಲ್ಲದೆ ಇದು ಆಗದು. ಆ ನಂಬಿಕೆ 1993ರಿಂದ ಕೂಡುತ್ತಾ ಬಂದದ್ದು. ಅನುದಾನ ಬಂದ ಮೇಲೆ ಅದನ್ನು ಕೊಂಡುಕೊಳ್ಳಲಾಗುವುದಿಲ್ಲ.

ಇಂದು ನಮ್ಮ ದೇಶದಲ್ಲಿ ಸುಮಾರು 25 ಲಕ್ಷ ಮಂದಿ ಸೋಂಕಿತರಿದ್ದಾರೆ. ಸಿಡಿ4 ಎಷ್ಟೇ ಇರಲಿ, ಪತ್ತೆಯಾದ ಕೂಡಲೇ ಔಷಧಿ ಎಂಬ ನೀತಿ 2017ರಿಂದ ಜಾರಿಯಲ್ಲಿದೆ. ಅದೇ ವರ್ಷ ಸುನೀತಿ ಅವರಿಗೆ ಮರಣೋತ್ತರ ಪದ್ಮಶ್ರೀ ಬಂತು.

ಪ್ರಶ್ನೆಗಳಿಗೆ ಬರೋಣ.

ಒಬ್ಬ ವಿದ್ಯಾರ್ಥಿನಿ ಕೇಳಿದರು: "ಸರ್, ಶಿಷ್ಯೆ ನಿರ್ಮಲಾ ಅವರು ಯಾಕೆ ಮುಂದುವರಿಯಲಿಲ್ಲ?" ಮುಂದುವರಿದರಮ್ಮ, ಬೇರೆ ದಾರಿಯಲ್ಲಿ. 1987ರ ಮಾರ್ಚಿನಲ್ಲಿ ಪ್ರಬಂಧ ಸಲ್ಲಿಸಿ, ಪರೀಕ್ಷೆ ಪಾಸಾಗಿ, ಚೆನ್ನೈನ ಕಿಂಗ್ ಸಂಸ್ಥೆಯಲ್ಲಿ ಲಸಿಕೆ ತಯಾರಿಕೆಯ ಕೆಲಸಕ್ಕೆ ಸೇರಿ, 2010ರಲ್ಲಿ ನಿವೃತ್ತರಾದರು. ಸಮಾಜಕ್ಕೆ ಏನಾದರೂ ಮಾಡುವ ಅವಕಾಶ ಸಿಕ್ಕಿತಲ್ಲ ಎಂದಷ್ಟೇ ಅವರು ಹೇಳಿಕೊಂಡದ್ದು. ಲಸಿಕೆ ತಯಾರಿಸುವವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ಹಾಗೆಂದು ಅದು ಕಡಿಮೆ ಕೆಲಸವೇ? ತೋಟದಲ್ಲಿ ಎಲ್ಲರೂ ಹಣ್ಣಿನ ಮರವೇ ಆಗಬೇಕಿಲ್ಲ, ಬೇಲಿಯೂ ಬೇಕು.

ಇನ್ನೊಬ್ಬರು ಹಿರಿಯರು: "ಕೋವಿಡ್‌ಗೆ ಒಂದೇ ವರ್ಷದಲ್ಲಿ ಲಸಿಕೆ ಬಂತು. ಇದಕ್ಕೆ ನಲವತ್ತು ವರ್ಷವಾದರೂ ಯಾಕಿಲ್ಲ?" ಕೋವಿಡ್ ಬಂದವರಲ್ಲಿ ಹೆಚ್ಚಿನವರು ತಾವಾಗಿಯೇ ಗುಣವಾಗುತ್ತಾರೆ. ಅಂದರೆ ದೇಹಕ್ಕೆ ಆ ವೈರಸ್ಸನ್ನು ಗೆಲ್ಲುವ ದಾರಿ ಗೊತ್ತು, ಲಸಿಕೆ ಅದನ್ನೇ ಮುಂಚಿತವಾಗಿ ಕಲಿಸುತ್ತದೆ. ಎಚ್‌ಐವಿಯನ್ನು ದೇಹ ತಾನಾಗಿ ಹೊರಹಾಕುವುದಿಲ್ಲ, ಹಾಗಾಗಿ ನಕಲು ಮಾಡಲು ಮಾದರಿಯಿಲ್ಲ. ಅದು ಕೆಲವೇ ದಿನಗಳಲ್ಲಿ ನಮ್ಮ ಕೋಶಗಳ ವಂಶವಾಹಿಯೊಳಗೇ ಸೇರಿಕೊಂಡು ಕೂರುತ್ತದೆ. ಮೇಲ್ಮೈಯನ್ನು ಸಕ್ಕರೆಯ ಅಣುಗಳಿಂದ ಹೊದ್ದುಕೊಂಡು ಪ್ರತಿಕಾಯಗಳಿಂದ ತಪ್ಪಿಸಿಕೊಳ್ಳುತ್ತದೆ. ಒಬ್ಬನೇ ರೋಗಿಯ ಮೈಯಲ್ಲಿ ಎಣಿಸಲಾಗದಷ್ಟು ರೂಪಾಂತರಗಳು. 2009ರ ಥಾಯ್ಲೆಂಡಿನ ಪ್ರಯೋಗದಲ್ಲಿ ಶೇ. 31ರಷ್ಟು ರಕ್ಷಣೆ ಕಂಡಿತ್ತು. ಅದರ ಬೆನ್ನುಹತ್ತಿ ದಕ್ಷಿಣ ಆಫ್ರಿಕದಲ್ಲಿ ನಡೆಸಿದ ಪ್ರಯೋಗವನ್ನು ಫಲವಿಲ್ಲವೆಂದು 2020ರಲ್ಲಿ ನಿಲ್ಲಿಸಿದರು.

ಲಸಿಕೆಯ ಜಾಗಕ್ಕೆ ಸದ್ಯ ಬರುತ್ತಿರುವುದು ಆರು ತಿಂಗಳಿಗೊಮ್ಮೆ ಚುಚ್ಚುವ ಲೆನಕಾಪಾವಿರ್ ಎಂಬ ಔಷಧಿ. ದಕ್ಷಿಣ ಆಫ್ರಿಕ ಮತ್ತು ಉಗಾಂಡದಲ್ಲಿ ನಡೆದು 2024ರಲ್ಲಿ ಫಲಿತಾಂಶ ಹೊರಬಿದ್ದ ಪ್ರಯೋಗದಲ್ಲಿ ಅದನ್ನು ಪಡೆದ ಎರಡು ಸಾವಿರಕ್ಕೂ ಹೆಚ್ಚು ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ. ಅಗ್ಗದ ರೂಪದಲ್ಲಿ ತಯಾರಿಸಲು ಪರವಾನಗಿ ಪಡೆದವರಲ್ಲಿ ಭಾರತದ ಕಂಪನಿಗಳೂ ಇವೆ. ಆದರೆ ನಮ್ಮಲ್ಲಿ ಯಾರಿಗೆ ಕೊಡುವುದು? ಲೈಂಗಿಕ ಕಾರ್ಯಕರ್ತೆಯರು, ಚುಚ್ಚಿಕೊಂಡು ಮಾದಕವಸ್ತು ಬಳಸುವವರು ಪಟ್ಟಿಯಲ್ಲಿ ಇದ್ದೇ ಇದ್ದಾರೆ. ಚೆನ್ನೈನ ಅಧ್ಯಯನದ ಆ 134 ಮಂದಿಯಂಥವರು ಯಾವ ಪಟ್ಟಿಯಲ್ಲೂ ಇಲ್ಲ. ತನಗೆ ಅಪಾಯವಿದೆ ಎಂದು ಗೊತ್ತೇ ಇಲ್ಲದ, ಗೊತ್ತಾದರೂ ಗಂಡನೆದುರು ಹೇಳಲಾರದ ಹೆಂಗಸಿಗೆ ಈ ಚುಚ್ಚುಮದ್ದು ಯಾವ ದಾರಿಯಲ್ಲಿ ತಲುಪಬೇಕು, ಬಾಣಂತಿಯರ ತಪಾಸಣೆಯ ಜೊತೆಗೋ, ಕುಟುಂಬ ಯೋಜನೆಯ ಕೋಣೆಯಲ್ಲೋ, ಎಂಬುದನ್ನು ಯಾರಾದರೂ ಅಧ್ಯಯನ ಮಾಡಬೇಕು. ಇಲ್ಲಿ ಕುಳಿತಿರುವ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಪ್ರಬಂಧದ ವಿಷಯ ಇನ್ನೂ ಸಿಕ್ಕಿಲ್ಲದಿದ್ದರೆ ಇದನ್ನು ತೆಗೆದುಕೊಳ್ಳಬಹುದು.